ಪಟ್ಟದ ಒಂಬತ್ತನೇ ವರ್ಷ

"ಮುಟ್ಟಬ್ಯಾಡ್ರಿ!"

ಆ ಕೂಗಿಗೆ ಬನಶಂಕರಿಯ ಕೈ ಅರ್ಧಕ್ಕೇ ನಿಂತಿತು.

ಅದು ಜಮಖಂಡಿಯ ಹಳೆಯ ದಫ್ತರದ ಕೋಣೆ. ಸಂಸ್ಥಾನ ಹೋಗಿ ಹದಿನೈದು ವರ್ಷವಾಗಿದ್ದರೂ ರಾಜರ ಕಾಲದ ಕಾಗದಗಳು ಕೆಂಪು ಬಟ್ಟೆಯ ಗಂಟುಗಳಲ್ಲಿ ಗೋಡೆ ತುಂಬ ಕೂತಿದ್ದವು. ಅಂಥದೊಂದು ಗಂಟನ್ನು ಎಳೆಯಲು ಹೋಗಿದ್ದಳು ನಮ್ಮ ಹುಡುಗಿ.

ಮೂಲೆಯ ಮೇಜಿನಿಂದ ಒಬ್ಬ ತರುಣ ಓಡಿ ಬಂದ. ಬಂದವನೇ ಅವಳ ಮುಖ ನೋಡಿ ಮೆತ್ತಗಾದ.

"ಅಂಜಿದ್ರೇನ್ರಿ? ತಪ್ಪಾತು... ಅದರಾಗಿನ ಹಾಳಿ ಮುಟ್ಟಿದ್ರ ಪುಡಿ ಆಗ್ತಾವ. ಅದಕ್ಕ ಒದರಿದೆ."

"ಇಲ್ರೀ, ನನ್ನದ ತಪ್ಪು," ಎಂದಳು ಬನಶಂಕರಿ. ಸಾಲೆಯಲ್ಲಿ ನಲವತ್ತು ಮಕ್ಕಳನ್ನು ಒಂದು ಮಾತಿಗೆ ಸುಮ್ಮನಾಗಿಸುವ ಮೇಡಮ್ಮು ಇವಳೇ! ಇಲ್ಲಿ ಮಾತ್ರ ಬಾಯಿ ಒಣಗಿತ್ತು. "ನಮ್ಮಪ್ಪ ಬೀರದೇವರ ಪೂಜಾರಿ, ಶಿದ್ರಾಮಪ್ಪ ಅಂತ. ಪೂಜಾರಿಕಿ ಜಮೀನಿನ ಹಳೇ ಕಾಗದ ಬೇಕಾಗಿತ್ರಿ. ಪಟ್ಟದ ಇಪ್ಪತ್ತೆಂಟನೇ ವರ್ಷದ್ದು."

"ಯಾವ ಪಟ್ಟ?"

"ಅಂದ್ರ?"

ಅವನು ನಕ್ಕ. ಆ ನಗುವಿಗೆ ಅವಳ ಅಂಜಿಕೆ ಅರ್ಧ ಕರಗಿತು ಅಂತ ನಾನು ಹೇಳಿದರೆ ನೀವೂ ನಗುತ್ತೀರಿ. ಆದರೆ ಕರಗಿದ್ದು ಖರೆ.

"ನೋಡ್ರಿ, ಆಗ ಇಸವಿ ಯಾರೂ ಬರೀತಿದ್ದಿಲ್ಲ. ದೊರಿ ಗಾದಿ ಮ್ಯಾಲೆ ಕೂತು ಎಷ್ಟನೇ ವರ್ಷ ಅಂತ ಬರೀತಿದ್ರು. ಜಮಖಂಡಿ ದೊರಿ ಬ್ಯಾರೆ, ಮುಧೋಳ ದೊರಿ ಬ್ಯಾರೆ. ಹನ್ನೆರಡು ಮೈಲಿ ಅಂತರ, ಆದ್ರ ವರ್ಷದ ಲೆಕ್ಕ ಎಲ್ಲಿಂದೆಲ್ಲಿಗೋ. ಮೊದಲ ಯಾವ ಪಟ್ಟ ಅಂತ ಕೇಳಬೇಕು. ಆಮ್ಯಾಲೆ ಎಷ್ಟನೇ ವರ್ಷ ಅಂತ."

ಅವನ ಹೆಸರು ಗಂಗಾರಾಮ. ರಾಜರ ಕಾಲದ ಮರಾಠಿ ಕಾಗದಗಳ ಮೋಡಿ ಅಕ್ಷರ ಓದಬಲ್ಲವನು ಆ ಕಚೇರಿಯಲ್ಲಿ ಅವನೊಬ್ಬನೇ. ಅವತ್ತು ಒಂದು ಚೀಟಿಯ ಮೇಲೆ ಎರಡು ಸಾಲು ಗೆರೆ ಎಳೆದು, ಒಂದು ಕಡೆ ಜಮಖಂಡಿ ಪಟ್ಟದ ವರ್ಷ, ಇನ್ನೊಂದು ಕಡೆ ಮುಧೋಳ ಪಟ್ಟದ ವರ್ಷ ಬರೆದುಕೊಟ್ಟ. ನಡುವೆ ಎಲ್ಲರಿಗೂ ಗೊತ್ತಿರುವ ಒಂದು ಗುರುತು: ಡೋಗಿ ಬರ. ಜನ ದಿಕ್ಕಾಪಾಲಾಗಿ ಸತ್ತ ಆ ದೊಡ್ಡ ಬರ ಜಮಖಂಡಿ ಲೆಕ್ಕದಲ್ಲಿ ಮೂವತ್ತೇಳನೇ ವರ್ಷ, ಮುಧೋಳ ಲೆಕ್ಕದಲ್ಲಿ ಹದಿನೈದನೇ ವರ್ಷ.

ಅವಳು ಚೀಟಿಯನ್ನು ಮಡಚಿ ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡಳು. ಅವಳಿಗೆ ಬೇಕಾದ ಕಾಗದ ಕೊನೆಗೆ ಮುಧೋಳದ ಜಮೀನು ಯಾದಿಯ ನಕಲಿನಲ್ಲಿ ಸಿಕ್ಕಿತು. ಅಷ್ಟರಲ್ಲಿ ಆರು ಗುರುವಾರ ಕಳೆದಿದ್ದವು.

ಕಾಗದ ಸಿಕ್ಕ ಮೇಲೂ ಅವಳು ಏಳನೇ ಗುರುವಾರ ಹೋದಳು!

"ಇವತ್ತು ಯಾವ ಕಾಗದ ಬೇಕ್ರಿ?" ಎಂದ ಗಂಗಾರಾಮ.

"ಯಾವುದೂ ಬ್ಯಾಡ್ರಿ," ಎಂದಳು. ಮುಖ ಕೆಂಪಾಯಿತು.

ಅವನು ಕೈಯಲ್ಲಿದ್ದ ಲೆಕ್ಕಣಿಕೆ ಮೇಜಿನ ಮೇಲಿಟ್ಟ. ಆಮೇಲೆ, "ಹಂಗಾದ್ರ ನಮ್ಮವ್ವನ್ನ ನಿಮ್ಮ ಮನಿಗೆ ಕಳಸ್ಲೇನ್ರಿ?" ಎಂದ.

*

ಗಂಗಾರಾಮನ ತಾಯಿ ಹಣಮವ್ವ ಬಂದಳು, ಹೆಣ್ಣು ಕೇಳಿದಳು, ಚಹಾ ಕುಡಿದಳು. ಅವರ ಮೂಲ ಗಲಗಲಿ. ಅವರೂ ಬೀರದೇವರ ಒಕ್ಕಲು. ಬೆಡಗು ಬೇರೆ ಬೇರೆ, ಅಂದರೆ ಕುಲದ ಅಡ್ಡಿಯಿಲ್ಲ. ಎಲ್ಲ ಛಲೋ ಆಯಿತು ಎನ್ನುವಷ್ಟರಲ್ಲಿ ಶಿದ್ರಾಮಪ್ಪ ಒಂದು ಮಾತು ಹೇಳಿದ.

"ಹುಲೆಪ್ಪ ಬರಲಿ. ಪುಸ್ತಕ ಬಿಚ್ಚಲಿ. ಆಮ್ಯಾಲೆ ವೀಳ್ಯಾ."

ಹುಲೆಪ್ಪ ಅಂದರೆ ಹೆಳವ. ಎತ್ತಿನ ಮೇಲೆ ಪುಸ್ತಕದ ಗಂಟು ಹೇರಿಕೊಂಡು ಊರೂರು ತಿರುಗಿ, ಒಕ್ಕಲು ಮನೆಗಳ ವಂಶಾವಳಿ ಓದುವವನು. ಅವನ ಅಜ್ಜ, ಮುತ್ತಜ್ಜ ಬರೆದ ಪುಟಗಳಲ್ಲಿ ಈ ಸೀಮೆಯ ಎಷ್ಟೋ ಮನೆಗಳ ಹುಟ್ಟು, ಸಾವು, ಮದುವೆ ಎಲ್ಲ ಇದ್ದವು. ಅವನ ಪುಸ್ತಕ ಬೇಡ ಎಂದ ಸಂಬಂಧವನ್ನು ಯಾರೂ ಮಾಡುತ್ತಿರಲಿಲ್ಲ.

ಅವನು ಬಂದದ್ದು ಒಂದು ಶುಕ್ರವಾರ ಮುಂಜಾನೆ. ಅಂಗಳದಲ್ಲಿ ಕಂಬಳಿ ಹಾಸಿದರು. ಪುಸ್ತಕಕ್ಕೆ ಭಂಡಾರ, ಅಂದರೆ ದೇವರ ಅರಿಶಿನ, ಏರಿಸಿದರು. ಒಂದು ಕಡೆ ಶಿದ್ರಾಮಪ್ಪ ಮತ್ತು ಅವನ ತಾಯಿ ಅನಸವ್ವ, ಇನ್ನೊಂದು ಕಡೆ ಹಣಮವ್ವ ಮತ್ತು ಗಂಗಾರಾಮ. ಬನಶಂಕರಿ ಬಾಗಿಲ ಮರೆಯಲ್ಲಿ ನಿಂತಿದ್ದಳು.

ಹುಲೆಪ್ಪ ಮೊದಲು ಗಂಡಿನ ಮನೆಯ ಪುಟ ಓದಿದ. "ಗಲಗಲಿ ಈರಪ್ಪನ ಮಗ ಬೀರಪ್ಪ. ಜಮಖಂಡಿ ಪಟ್ಟದ ಇಪ್ಪತ್ತನೇ ವರ್ಷ ಶಿವನ ಪಾದ ಸೇರಿದ. ಇವ ಗಂಗಾರಾಮನ ಮುತ್ತಜ್ಜನ ಅಪ್ಪ."

ಆಮೇಲೆ ಹೆಣ್ಣಿನ ಮನೆಯ ಪುಟ. ಓದುತ್ತ ಓದುತ್ತ ಅವನ ದನಿ ನಿಧಾನವಾಯಿತು.

"ಪಟ್ಟದ ಒಂಬತ್ತನೇ ವರ್ಷ... ಪೂಜಾರಿ ಮನಿಯವರಿಗೆ ಮಕ್ಕಳಿಲ್ಲಂತ... ಗಲಗಲಿ ಬೀರಪ್ಪ ತನ್ನ ನಾಕು ವರ್ಷದ ಮಗ ಲಗಮಣ್ಣನ್ನ ದತ್ತು ಕೊಟ್ಟ."

ಲಗಮಣ್ಣ ಅಂದರೆ ಬನಶಂಕರಿಯ ಮುತ್ತಜ್ಜ!

"ಅದ ಬೀರಪ್ಪನ?" ಎಂದು ಕೇಳಿದ ಶಿದ್ರಾಮಪ್ಪ. "ಗಂಡಿನ ಮನಿ ಪುಟದಾಗ ಲಗಮಣ್ಣನ ಹೆಸರು ಬರಲಿಲ್ಲಲ್ಲ?"

"ದತ್ತು ಹೋದ ಮಗನ ಹೆಸರು ಹಡದ ಮನಿ ಪುಟದಾಗ ಬರಿಯಂಗಿಲ್ಲ, ಯಜಮಾನ್ರ. ಊರು ಅದ, ಹೆಸರು ಅದ. ಒಂಬತ್ತನೇ ವರ್ಷ ಮಗನ್ನ ಕೊಟ್ಟಾನ, ಇಪ್ಪತ್ತನೇ ವರ್ಷ ಸತ್ತಾನ. ಲೆಕ್ಕ ಕೂಡ್ತೈತಿ." ಹುಲೆಪ್ಪ ಪುಸ್ತಕ ಮುಚ್ಚಿದ. "ಬೆಡಗು ಬ್ಯಾರೆ ಆದ್ರೂ ರಕ್ತ ಒಂದ. ಈ ಹುಡುಗಿಗೆ ಈ ಹುಡುಗ ಅಣ್ಣ ಆಗಬೇಕು."

ಅಣ್ಣ...

ಬನಶಂಕರಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಏಳು ಗುರುವಾರಗಳೂ ಕಣ್ಣ ಮುಂದೆ ಬಂದವು. ಅವನು ನಕ್ಕದ್ದು, ಅವಳ ಮುಖ ಕೆಂಪೇರಿದ್ದು. 'ಅಯ್ಯೋ ದೇವರೇ, ಅಣ್ಣನ ಮೇಲೆ ಮನಸ್ಸಿಟ್ಟೆನೇ ನಾನು?' ತನ್ನ ಮೈಯೇ ತನಗೆ ಹೇಸಿಗೆಯಾಯಿತು.

ಗಂಗಾರಾಮ ಎದ್ದು ನಿಂತ. ಮುಖ ಬಿಳಿಚಿತ್ತು. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಅವಳ ಕಡೆ ಒಂದು ಸಲವೂ ನೋಡದೆ ಅಂಗಳ ದಾಟಿ ಹೋಗಿಬಿಟ್ಟ.

"ಬರೋ ಅಮಾಸಿಗೆ ಇಬ್ರನ್ನೂ ಗುಡಿಗೆ ಕರಕೊಂಡು ಬರ್ರಿ," ಎಂದ ಹುಲೆಪ್ಪ ಹೋಗುವಾಗ. "ಮಾತು ಇಷ್ಟು ದೂರ ಬಂದೈತಿ. ಹುಡುಗಿ ಭಂಡಾರ ಹಿಡಿದು ಮೂರು ಸಲ ಅಣ್ಣಾ ಅನಲಿ. ಮನಿತನಕ್ಕ ದೋಷ ಬ್ಯಾಡ."

ಭಂಡಾರ ಹಿಡಿದು ಆಡಿದ ಮಾತನ್ನು ಆ ಮನೆಯಲ್ಲಿ ಯಾರೂ ಹಿಂದೆ ತೆಗೆದುಕೊಂಡದ್ದಿಲ್ಲ. ಅಮಾವಾಸ್ಯೆಗೆ ಎಂಟು ದಿನ ಉಳಿದಿತ್ತು.

*

ಆ ಎಂಟು ದಿನ ಅವಳು ಹೇಗೆ ಕಳೆದಳೋ!

ಸಾಲೆಯಲ್ಲಿ ಹಲಗೆಯ ಮೇಲೆ ಮಗ್ಗಿ ಬರೆಯುತ್ತ 'ಒಂಬತ್ತು' ಬಂದರೆ ಸೀಮೆಸುಣ್ಣ ಕೆಳಗಿಡುತ್ತಿದ್ದಳು. ಮನೆಯಲ್ಲಿ ಅಪ್ಪ ಮಾತು ಬಿಟ್ಟಿದ್ದ. ನೆರೆಮನೆಯವರು ಅವಳನ್ನು ಕಂಡರೆ ದನಿ ಇಳಿಸುತ್ತಿದ್ದರು. ಗುರುವಾರ ಬಂತು. ತಡೆಯಲಾಗದೆ ದಫ್ತರಕ್ಕೆ ಹೋದಳು. 'ಒಮ್ಮೆ ನೋಡಿ, ಒಂದು ಮಾತು ಕೇಳಿ ಬಂದುಬಿಡುತ್ತೇನೆ, ಅಷ್ಟೇ...'

ಕೋಣೆಗೆ ಬೀಗ!

"ಗಂಗಾರಾಮ ಅವರು ರಜಾ ಹಾಕಿ ಹೋಗ್ಯಾರ್ರಿ," ಎಂದ ಸಿಪಾಯಿ. "ಶನಿವಾರನ ಹೋದ್ರು. ಎಲ್ಲಿಗಂತ ಹೇಳಿಲ್ಲ."

ಶನಿವಾರ! ಅಂದರೆ ಮಾರನೆಯ ದಿನವೇ!

'ಓಡಿಹೋದ. ನನ್ನ ಮುಖ ನೋಡುವುದಕ್ಕೂ ಅವನಿಗೆ ಹೇಸಿಗೆಯಾಯಿತು.' ಬೀಗ ನೋಡುತ್ತ ಅಲ್ಲೇ ನಿಂತಳು. ಅಳು ಬರಲಿಲ್ಲ. ಅಳುವುದಕ್ಕೂ ಹೆದರಿಕೆಯಾಗಿತ್ತು. ಯಾರಿಗಾಗಿ ಅಳುವುದು, ಅಣ್ಣನಿಗಾಗಿಯೇ?

ಮನೆಗೆ ಬಂದಾಗ ಅಜ್ಜಿ ಅನಸವ್ವ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಪ್ಪತ್ತು ದಾಟಿದ ಜೀವ. ಮೊಮ್ಮಗಳ ಮುಖ ನೋಡಿ ಮೊರ ಕೆಳಗಿಟ್ಟಳು.

"ಬಾ ಬೇ, ಕುಂದ್ರ. ಎರಡು ದಿನ ಆತು, ನೀ ರೊಟ್ಟಿ ಮುಟ್ಟಿಲ್ಲ."

"ಹಸಿವಿಲ್ಲ ಆಯಿ."

"ನಮ್ಮ ಮಾವ ಇದ್ದಿದ್ರ ಬೈತಿದ್ದ ನಿನ್ನ. ಒಂದು ತುತ್ತು ಚೆಲ್ಲಗೊಡತಿರಲಿಲ್ಲ ಮುದುಕ. ಡೋಗಿ ಬರ ಕಂಡವ ನೋಡು. ಆಗ ಅವ ಹತ್ತು ವರ್ಷದ ಹುಡುಗಂತ. ಬ್ಯಾಲದ ಹಣ್ಣಿನ ಓಡು ನೆಕ್ಕಿ ಬದುಕಿದೆ ಅಂತ ಹೇಳಿ ಅಳ್ತಿದ್ದ."

ಬನಶಂಕರಿ ತಟ್ಟನೆ ತಲೆಯೆತ್ತಿದಳು.

"ಯಾರು ಆಯಿ? ಯಾವ ಮಾವ?"

"ನನಗ ಎಷ್ಟು ಮಂದಿ ಮಾವಂದಿರು? ಲಗಮಣ್ಣ ಮಾವ!"

"ಬರದಾಗ ಹತ್ತು ವರ್ಷ? ಖರೆ ಹೇಳು ಆಯಿ, ಮೂವತ್ತಲ್ಲಲ್ಲ?"

"ಮೂವತ್ತರಾಂವ ಅವ್ವನ ಸೆರಗು ಹಿಡಿದು ಅಳ್ತಾನೇನ? ಹತ್ತು ವರ್ಷ. ಅವನ ಬಾಯಿಲೇ ನೂರು ಸಲ ಕೇಳೇನಿ."

ಅವಳು ಒಳಗೆ ಓಡಿದಳು. ಹಾಜರಿ ಪುಸ್ತಕದಿಂದ ಚೀಟಿ ತೆಗೆದಳು.

ಬರ... ಜಮಖಂಡಿ ಪಟ್ಟದ ಮೂವತ್ತೇಳನೇ ವರ್ಷ. ಲಗಮಣ್ಣ ಜಮಖಂಡಿ ಪಟ್ಟದ ಒಂಬತ್ತನೇ ವರ್ಷ ನಾಲ್ಕು ವರ್ಷದವನಾಗಿ ದತ್ತು ಬಂದಿದ್ದರೆ, ಬರದಲ್ಲಿ ಅವನಿಗೆ ಮೂವತ್ತೆರಡು!

ಮುಧೋಳ ಪಟ್ಟದ ಹದಿನೈದನೇ ವರ್ಷ... ಒಂಬತ್ತರಿಂದ ಹದಿನೈದಕ್ಕೆ ಆರು. ನಾಲ್ಕಕ್ಕೆ ಆರು ಕೂಡಿದರೆ ಹತ್ತು.

ಹತ್ತು!

ಹುಲೆಪ್ಪ ಎರಡನೇ ಪುಟ ಓದುವಾಗ ಬರೀ 'ಪಟ್ಟದ' ಎಂದಿದ್ದ. ಯಾವ ಪಟ್ಟ ಅಂತ ಹೇಳಲೇ ಇಲ್ಲ. ಬನಶಂಕರಿಯ ಮನೆತನ ಆಗ ಇದ್ದದ್ದು ಮುಧೋಳ ಸೀಮೆಯಲ್ಲಿ. ಜಮಖಂಡಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಮುಧೋಳದ ಒಂಬತ್ತು ಅಂದರೆ ಜಮಖಂಡಿಯ ಮೂವತ್ತೊಂದು; ಹಾಗೆ ಹಿಡಿದರೆ ಗಂಗಾರಾಮನ ಬೀರಪ್ಪ ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ ಈ ದತ್ತು ನಡೆದಿದೆ!

ಓಡಿಹೋಗಿ ಅಪ್ಪನಿಗೆ ಹೇಳಿದಳು. ಶಿದ್ರಾಮಪ್ಪ ಚೀಟಿಯನ್ನು ಎರಡು ಸಲ ನೋಡಿದ. ಅವನಿಗೂ ಮಗಳ ಮೇಲೆ ಜೀವವೇ. ಆದರೆ ಅವನು ಪೂಜಾರಿ, ದೋಷಕ್ಕೆ ಅಂಜುವವನು.

"ಇದು ಆ ಹುಡುಗನ ಬರದ ಚೀಟಿ. ಅದು ಮುದುಕಿ ನೆನಪು. ಇಷ್ಟರ ಮ್ಯಾಲೆ ಅಣ್ಣ-ತಂಗಿಗೆ ಅಕ್ಕಿಕಾಳು ಹಾಕಂದ್ರ ಹೆಂಗ ಹಾಕಲೇ ಯವ್ವಾ? ನಾಳೆ ತಪ್ಪಾತಂದ್ರ ನಿನ್ನ ಹೊಟ್ಟಿಯಾಗ ಹುಟ್ಟಿದ ಕೂಸಿನ ಗತಿ ಏನು?"

ಅವಳು ಚೀಟಿಯನ್ನು ಮತ್ತೆ ಮಡಚಿದಳು. ಮೊದಲು ಆಸೆಯೇ ಇರಲಿಲ್ಲ, ಆಗ ಹೆದರಿಕೆ ಒಂದೇ ಬಗೆಯದಾಗಿತ್ತು. ಈಗ ಚೂರು ಆಸೆ ಹುಟ್ಟಿತ್ತಲ್ಲ, ಹೆದರಿಕೆ ಇಮ್ಮಡಿಯಾಯಿತು.

*

ಅಮಾವಾಸ್ಯೆ. ಹೊತ್ತು ನೆತ್ತಿಗೇರಿತ್ತು. ಬೀರದೇವರ ಗುಡಿಯ ಮುಂದೆ ಎರಡೂ ಮನೆಯವರು ಕೂತಿದ್ದರು. ಹುಲೆಪ್ಪನ ಎತ್ತು ಬೇವಿನ ನೆರಳಲ್ಲಿ ಮೆಲುಕು ಹಾಕುತ್ತಿತ್ತು. ಬರಬೇಕಾದವನು ಬಂದಿರಲಿಲ್ಲ.

"ಬರ್ತಾನ, ಬಂದೇ ಬರ್ತಾನ," ಎನ್ನುತ್ತಿದ್ದಳು ಹಣಮವ್ವ. "ಮುಧೋಳ ಬಸ್ಸು ತಡಾ ಆಗಿರಬೇಕು."

ಮುಧೋಳವೇ? ಬನಶಂಕರಿ ದಾರಿಯ ಕಡೆ ತಿರುಗಿದಳು.

ಅಷ್ಟರಲ್ಲಿ ದಾರಿಯಲ್ಲಿ ಅವನು ಕಂಡ. ಅಂಗಿ ಧೂಳಾಗಿತ್ತು, ಗಡ್ಡ ಬೆಳೆದಿತ್ತು. ಬಂದು ದೇವರಿಗೆ ಕೈಮುಗಿದು, ತಲೆ ತಗ್ಗಿಸಿ ಅವಳ ಎದುರು ನಿಂತ. ಇವತ್ತೂ ಕಣ್ಣೆತ್ತಿ ನೋಡಲಿಲ್ಲ.

'ಒಪ್ಪಿಕೊಂಡೇ ಬಂದಿದ್ದಾನೆ,' ಎಂದುಕೊಂಡಳು.

ಶಿದ್ರಾಮಪ್ಪ ಮಗಳ ಅಂಗೈಯಲ್ಲಿ ಒಂದು ಹಿಡಿ ಭಂಡಾರ ಹಾಕಿದ.

"ಅನ್ನು ಯವ್ವಾ."

ಅರಿಶಿನ ಬೆರಳ ಸಂದಿಯಿಂದ ಉದುರುತ್ತಿತ್ತು. ಎಲ್ಲರೂ ಅವಳ ತುಟಿಯನ್ನೇ ನೋಡುತ್ತಿದ್ದರು. ಒಂದು ಸಲ ಅಂದುಬಿಟ್ಟರೆ ಮುಗಿಯಿತು. ಆಮೇಲೆ ಜೀವ ಇರುವವರೆಗೂ...

"ಹುಲೆಪ್ಪಜ್ಜಾ," ಎಂದಳು. ದನಿ ತನ್ನದೇ ಅಂತ ಅವಳಿಗೇ ಅನ್ನಿಸಲಿಲ್ಲ. "ಒಂಬತ್ತನೇ ವರ್ಷ ಅಂದ್ರೆಲ್ಲ... ಯಾವ ಪಟ್ಟದ್ದು?"

"ಅಂದ್ರ?"

"ಜಮಖಂಡಿದೋ, ಮುಧೋಳದ್ದೋ? ದೇವರ ಮುಂದ ಇದ್ದೀರಿ. ಪುಸ್ತಕ ನೋಡಿ ಹೇಳ್ರಿ."

ಗಂಗಾರಾಮ ಥಟ್ಟನೆ ಕಣ್ಣೆತ್ತಿದ.

ಹುಲೆಪ್ಪನಿಗೆ ಸಿಟ್ಟು ಬಂತು. ಆದರೂ ಗಂಟು ಬಿಚ್ಚಿದ. ಹಾಳೆ ಹಿಂದೆ ಮುಂದೆ ತಿರುಗಿಸಿದ. ಮತ್ತೊಮ್ಮೆ ತಿರುಗಿಸಿದ.

"ನಮ್ಮ ಹಿರ್ಯಾರು ಆಯಾ ವರ್ಷದ ಮೊದಲನೇ ಹಾಳಿ ಮ್ಯಾಲಷ್ಟ ಪಟ್ಟದ ಹೆಸರು ಬರೀತಿದ್ರವ್ವಾ. ಯಾವ ಸೀಮಿಯಾಗ ಪುಸ್ತಕ ಬಿಚ್ಚಿದ್ರೋ, ಆ ಸೀಮಿ ದೊರಿದು. ಈ ವರ್ಷದ್ದು... ಮೊದಲನೇ ಹಾಳಿ ಗೆದ್ದಲಿ ತಿಂದೈತಿ." ಅವನ ದನಿ ಸಣ್ಣದಾಯಿತು. "ಜಮಖಂಡಿಯಾಗ ಕೂತು ಓದಿದೆ. ಜಮಖಂಡಿದ ಅಂತ ತಿಳಿದೆ."

"ಹಂಗಾದ್ರ ನಿನಗ ಗೊತ್ತಿಲ್ಲ?" ಎಂದ ಶಿದ್ರಾಮಪ್ಪ.

"ಗೊತ್ತಿಲ್ಲ ಯಜಮಾನ್ರ. ಇರಬಹುದು, ಇಲ್ಲದಿರಬಹುದು."

ಆಗ ಗಂಗಾರಾಮ ಕಿಸೆಯಿಂದ ಒಂದು ಲಕೋಟೆ ತೆಗೆದ. ಬಾಯಿಗೆ ಅರಗಿನ ಮುದ್ರೆ ಹಾಗೆಯೇ ಇತ್ತು.

"ಪೂಜಾರಿಕಿ ಮನಿಯವರು ದತ್ತು ತಗೊಳ್ಳಾಕ ದೊರಿ ಅಪ್ಪಣಿ ಬೇಕಿತ್ರಿ. ಮುಧೋಳ ದಫ್ತರದಾಗ ಏಳು ದಿನ ಹುಡುಕಿಸೇನಿ. ನಿನ್ನೆ ಸಿಕ್ತು. ಅಲ್ಲಿಯವರು ಮರಾಠಿಯೊಳಗ ನಕಲು ಮಾಡಿ ಮುದ್ರಿ ಹಾಕಿ ಕೊಟ್ಟಾರ. ನಾ ಬಿಚ್ಚಿಲ್ಲ. ಸಂಸ್ಥಾನದ ಸಾಲ್ಯಾಗ ನೀವು ಮರಾಠಿ ಕಲತೀರಿ. ನೀವ ಓದ್ರಿ."

ಶಿದ್ರಾಮಪ್ಪ ಲಕೋಟೆ ಬಿಚ್ಚಿದ. ಚಾಳೀಸು ಹುಡುಕಿದ. ಸಿಕ್ಕಿತು. ಒರೆಸಿ ಕಣ್ಣಿಗೇರಿಸಿದ. ಅಷ್ಟರಲ್ಲಿ ಬನಶಂಕರಿಗೆ ಹತ್ತು ಸಲ ಜೀವ ಹೋಗಿ ಬಂತು.

"ಮುಧೋಳ ಪಟ್ಟದ... ಒಂಬತ್ತನೇ ವರ್ಷ," ಅವನು ಒಂದೊಂದೇ ಪದ ಬಿಡಿಸಿ ಕನ್ನಡದಲ್ಲಿ ಹೇಳಿದ. "ಬೀರದೇವರ ಪೂಜಾರಿ ಮನಿಗೆ... ಹುಡುಗನ ಹೆಸರು ಲಗಮಣ್ಣ, ವಯಸ್ಸು ನಾಕು... ಹಡದ ತಂದಿ ಬೀರಪ್ಪ... ಊರು ಗಲಗಲಿ..."

ನಿಲ್ಲಿಸಿದ.

"ಮುಂದ ಓದೋ!" ಎಂದು ಒದರಿದಳು ಅನಸವ್ವ.

"ಬೀರಪ್ಪ, ಹೊಳಬಸಪ್ಪನ ಮಗ." ಶಿದ್ರಾಮಪ್ಪ ತಲೆಯೆತ್ತಿದ. "ಹುಲೆಪ್ಪಾ, ಗಂಗಾರಾಮನ ಬೀರಪ್ಪ ಯಾರ ಮಗ?"

ಹುಲೆಪ್ಪ ಪುಸ್ತಕ ನೋಡಲೇ ಇಲ್ಲ. "ಈರಪ್ಪನ ಮಗ," ಎಂದ. ಎರಡೂ ಕೆನ್ನೆ ಬಡಿದುಕೊಂಡ. "ಹೊಳಬಸಪ್ಪನ ಮನಿತನ ಬ್ಯಾರೆನ ಐತಿ, ಬೆಡಗೂ ಬ್ಯಾರೆ. ಗಲಗಲಿಯಾಗ ಆಗ ಮನಿಗೊಬ್ಬ ಬೀರಪ್ಪ. ಪುಸ್ತಕ ಸುಳ್ಳು ಹೇಳಿಲ್ಲ, ನಾ ತಪ್ಪು ಓದೇನಿ. ಈ ಇಬ್ರಿಗೆ ರಕ್ತದ ನಂಟಿಲ್ಲ. ಕ್ಷಮಾ ಮಾಡವ್ವಾ."

ಬನಶಂಕರಿಯ ಮುಷ್ಟಿ ಸಡಿಲವಾಯಿತು. ಭಂಡಾರವೆಲ್ಲ ನೆಲಕ್ಕೆ ಬಿತ್ತು. ಎಂಟು ದಿನದಿಂದ ತಡೆದಿಟ್ಟಿದ್ದ ಅಳು ಆಗ ಬಂತು ನೋಡಿ! ಬಿಕ್ಕಿ ಬಿಕ್ಕಿ ಅತ್ತಳು. ಅನಸವ್ವ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, "ಮುದುಕಿ ನೆನಪು ಅಂದ್ಯಲ್ಲಲೇ," ಎಂದು ಮಗನಿಗೆ ಒಂದು ಮಾತು ಕುಟುಕಿದಳು.

*

ಹಿರಿಯರು ವೀಳ್ಯದ ದಿನ ಗೊತ್ತುಮಾಡಲು ಕೂತಾಗ ಇಬ್ಬರೂ ಬೇವಿನ ಗಿಡದ ಹತ್ತಿರ ನಿಂತಿದ್ದರು. ಯಾರೂ ಬೈಯಲಿಲ್ಲ. ಇವತ್ತು ಬೈಯುವ ಧೈರ್ಯ ಯಾರಿಗಿತ್ತು?

"ಒಂದು ಮಾತು ಹೇಳದ ಹೋದ್ರಿ," ಎಂದಳು. ಕಣ್ಣು ಇನ್ನೂ ಕೆಂಪಗಿತ್ತು. "ನನ್ನ ಮುಖ ನೋಡಾಕ ಹೇಸಿ ಓಡಿಹೋದ್ರಿ ಅಂತ ತಿಳಿದಿದ್ದೆ."

"ಏನಂತ ಹೇಳಲಿ? ಹುಲೆಪ್ಪ ಬರೀ ಪಟ್ಟದ ಅಂದಾಗನ ನನಗ ಸಂಶಯ ಬಂತು. ಆಸೆ ತೋರಿಸಿ, ಕಾಗದ ಬ್ಯಾರೆ ಹೇಳಿದ್ರ? ನೀನು ಎರಡು ಸಲ ಸಾಯಬೇಕಾಗ್ತಿತ್ತು. ನಿನ್ನ ನೋಡಿದ್ರ ಬಾಯಿ ತಡೀತಿರಲಿಲ್ಲ. ಅದಕ್ಕ ನೋಡಲಿಲ್ಲ."

ಮೊದಲ ಸಲ ಅವನು 'ನೀನು' ಎಂದಿದ್ದ. ಇಬ್ಬರಿಗೂ ಅದು ಗೊತ್ತಾಯಿತು.

"ಲಕೋಟಿ ಯಾಕ ಬಿಚ್ಚಲಿಲ್ರಿ? ಬಸ್ಸಿನ್ಯಾಗ ಬಿಚ್ಚಿ ನೋಡಬಹುದಿತ್ತಲ್ಲ?"

"ಅಂಜಿಕಿ." ಅವನು ನೆಲ ನೋಡುತ್ತ ಹೇಳಿದ. "ಒಬ್ಬನ ಓದಿ, ಕೆಟ್ಟದ್ದಿದ್ರ ನಾ ಬರ್ತಿದ್ದಿಲ್ಲ ಬನಶಂಕರಿ. ನಿನ್ನ ಬಾಯಿಲೇ ಅಣ್ಣಾ ಅನಿಸಿಕೊಳ್ಳೋ ಧೈರ್ಯ ನನಗಿರಲಿಲ್ಲ. ಮುದ್ರಿ ಗಟ್ಟಿ ಇರೋತನಕ ನೀ ನನ್ನಾಕಿ ಅನ್ಕೊಂಡು ಬಂದೆ."

ಅವಳು ಅರಿಶಿನ ಹತ್ತಿದ ಕೈಯಿಂದಲೇ ಅವನ ಅಂಗಿಯ ಧೂಳು ಝಾಡಿಸಿದಳು. ಅಂಗಿ ಹಳದಿಯಾಯಿತು.

ಗುಡಿಯ ಕಟ್ಟೆಯ ಮೇಲೆ ಹುಲೆಪ್ಪ ಹೊಸ ಹಾಳೆ ಬಿಚ್ಚಿ ಕೂಗಿದ. "ಈ ಮದಿವಿ ಬರಿಯಾಕ ಎಷ್ಟನೇ ವರ್ಷ ಅಂತ ಹಾಕಲೇಪಾ, ಗಂಗಾರಾಮಾ? ಈಗ ದೊರಿಗೋಳ ಇಲ್ಲಲ್ಲ!"

ಗಂಗಾರಾಮ ಅವಳನ್ನು ನೋಡಿದ. ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ ಅಂದ.

"ಬನಶಂಕರಿ ಪಟ್ಟದ ಮೊದಲನೇ ವರ್ಷ ಅಂತ ಬರಸ್ಲೇನು?"

ಎಂಟು ದಿನದ ಮೇಲೆ ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅವನ ಅಂಗಿಯ ತುದಿ ಹಿಡಿದುಕೊಂಡಳು.

"ಏನರೆ ಬರಸ್ರಿ. ಆದ್ರ ಇಸವಿನೂ ಬರಸ್ರಿ, ಊರ ಹೆಸರೂ ಬರಸ್ರಿ, ಇಬ್ರ ಅಪ್ಪಂದಿರ ಹೆಸರೂ ಬರಸ್ರಿ. ಎಲ್ಲಾ ಹಾಳಿ ಮ್ಯಾಲೂ ಬರಸ್ರಿ. ಮುಂದ ನಮ್ಮ ಮನಿ ಹುಡುಗಿ ಒಬ್ಬಾಕಿ ನನ್ನಂಗ ಅಂಜಿ ನಿಂದರಬಾರದು."

"ಬರಸ್ತೇನಿ," ಎಂದ ಗಂಗಾರಾಮ. "ನೀ ಮಗ್ಗಲಾಗ ಕುಂದ್ರು. ಒಂದೊಂದ ಅಕ್ಷರ ಓದಿ ನೋಡು."